ಎಂಟು ಬೋಲ್ಟು, ಎರಡು ಕಿವಿ

ನನ್ನ ಇಬ್ಬರು ಭಾವಂದಿರೂ ಕಾಸರಗೋಡಿನವರು. ದೊಡ್ಡಭಾವ ಕೊಚ್ಚಿಗೆ ಹೋಗಿ ವ್ಯಾಪಾರಿಯಾದರು. ಚಿಕ್ಕಭಾವ ತಿರುವನಂತಪುರದ ಸೆಕ್ರೆಟೇರಿಯಟ್ ಸೇರಿ ತಾವೇ ಒಂದು ಫೈಲಾದರು. ಇಬ್ಬರೂ ಸೇರಿದರೆ ಆಸ್ತಿಯ ತಕರಾರಿಲ್ಲ, ರಾಜಕೀಯವಿಲ್ಲ, ಬರೀ ವಾಚಿನ ಜಗಳ. ದೊಡ್ಡಭಾವನದು ಓಡೆಮಾರ್ ಪಿಗೆಯವರ ರಾಯಲ್ ಓಕ್ ಪಕ್ಷ, ಚಿಕ್ಕಭಾವನದು ಪಾಟೆಕ್ ಫಿಲಿಪ್‌ನವರ ನಾಟಿಲಸ್ ಪಕ್ಷ. ಯಾವುದನ್ನು ಕೊಳ್ಳುವುದಾದರೂ ತೆಂಗಿನ ತೋಟ ಮಾರಬೇಕು. ಹಾಗಾಗಿ ಎರಡೂ ಅವರ ಫೋನಿನೊಳಗೆ ಮಾತ್ರ ಇವೆ. ಕೈಯಲ್ಲಿರುವುದು ಒಬ್ಬರಿಗೆ ಅಪ್ಪ ಗಲ್ಫಿನಿಂದ ತಂದ ರಾಡೋ, ಇನ್ನೊಬ್ಬರಿಗೆ ಎಚ್‌ಎಂಟಿ. ಜಗಳಕ್ಕೆ ಪಟ್ಟಾ ಯಾಕೆ?

“ಎಂಟು ಮೂಲೆ, ಎಂಟು ಬೋಲ್ಟು, ಮುಚ್ಚುಮರೆ ಇಲ್ಲ. 1972ರಲ್ಲಿ ಉಕ್ಕಿನ ವಾಚಿಗೆ 3,300 ಸ್ವಿಸ್ ಫ್ರಾಂಕ್ ಕೇಳಿದ ಧೈರ್ಯ ನೋಡಿ ಭಾವ!” ಇದು ದೊಡ್ಡಭಾವನ ಪಲ್ಲವಿ. ಮುಳುಗುಗಾರರು ತಲೆಗೆ ಹಾಕುವ ಹೆಲ್ಮೆಟ್ಟನ್ನು ನೆನೆದು ಆ ಕೇಸನ್ನು ಬರೆದದ್ದಂತೆ. ಆದರೆ ಅವರ ಹೆಮ್ಮೆಗೊಂದು ತೊಡಕಿದೆ. ಆ ಬೋಲ್ಟುಗಳ ಆರು ಮೂಲೆಯ ತಲೆ ಅದೇ ಆಕಾರದ ಗುಳಿಯಲ್ಲಿ ಕೂತುಬಿಟ್ಟಿರುವುದರಿಂದ ಮುಂದಿನಿಂದ ತಿರುಗುವುದೇ ಇಲ್ಲ. ಬಿಗಿಯುವುದೆಲ್ಲ ಹಿಂದಿನಿಂದ. ಸಾಲದ್ದಕ್ಕೆ ಉಕ್ಕಿನ ವಾಚಿನಲ್ಲಿ ಬೋಲ್ಟು ಮಾತ್ರ ಬಿಳಿ ಚಿನ್ನದ್ದು!

“ಮುಂದೆ ತೋರಿಕೆ, ಹಿಂದೆ ಕೆಲಸ. ಅಪ್ಪಟ ಕೊಚ್ಚಿ,” ಎಂದು ಚಿಕ್ಕಭಾವ ಎಲೆ ಮಡಚಿ ಬಾಯಿಗೆ ಹಾಕಿಕೊಂಡರು.

ಅವರ ನಾಟಿಲಸ್ 1976ರದು. ಹಡಗಿನ ದುಂಡು ಕಿಟಕಿಯ ಮಾದರಿ. ಇದಕ್ಕೂ ಎಂಟು ಬದಿ ಉಂಟು, ಆದರೆ ಮೂಲೆಗಳೆಲ್ಲ ತೇಯ್ದಂತೆ ನಯ. ಎರಡು ಪಕ್ಕಕ್ಕೂ ಕಿಟಕಿಯ ಕೀಲಿನಂತೆ ಕಿವಿ. ಮೊದಲ ಮಾದರಿಯಲ್ಲಿ ಸ್ಕ್ರೂಗಳು ಆ ಕಿವಿಗಳ ಪಕ್ಕದಲ್ಲಿ ಅಡಗಿದ್ದವು, ಎದುರಿಗೆ ನಿಂತವರಿಗೆ ಕಾಣುತ್ತಿರಲಿಲ್ಲ. 120 ಮೀಟರ್ ಆಳದ ತನಕ ನೀರಿಗೂ ಜಗ್ಗುತ್ತಿರಲಿಲ್ಲ. “ನಮ್ಮೂರಲ್ಲಿ ಇದ್ದದ್ದನ್ನು ಒಳಗೆ ಇಡುತ್ತಾರೆ,” ಎಂದರು ಚಿಕ್ಕಭಾವ. 2011ರಲ್ಲಿ ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದ ನಿಧಿಯ ನೆಲಮಾಳಿಗೆ ತೆರೆದದ್ದರ ಪೂರ್ತಿ ಪುಣ್ಯ ತಮ್ಮದೇ ಎಂಬಂತೆ.

“ಕಿವಿ ಅಂತೆ ಕಿವಿ! ನಿಮ್ಮ ಮೇತ್ತನ್ ಮಣಿಯಿಂದ ಕದ್ದದ್ದು!” ಎಂದರು ದೊಡ್ಡಭಾವ. ದೇವಸ್ಥಾನದ ಎದುರಿನ ಆ ಹಳೆಯ ಗಡಿಯಾರದಲ್ಲಿ ಗಡ್ಡದ ಮುಖವೊಂದು ಗಂಟೆಗೊಮ್ಮೆ ಬಾಯಿ ತೆರೆಯುತ್ತದೆ, ಎರಡು ಆಡುಗಳು ಅದರ ಎರಡೂ ಕೆನ್ನೆಗೆ ಗುದ್ದುತ್ತವೆ. ಒಂದು ಕೇಸಿಗೆ ಅದಕ್ಕಿಂತ ಹೆಚ್ಚು ವಿನ್ಯಾಸ ಜಿನೀವಾದಲ್ಲೂ ಸಿಗಲಿಕ್ಕಿಲ್ಲ.

ಎರಡನ್ನೂ ಗೀಚಿದವನು ಜೆರಾಲ್ಡ್ ಜೆಂಟಾ ಎಂಬ ಒಬ್ಬನೇ ಆಸಾಮಿ. ಮೊದಲ ವಾಚುಗಳ ಒಳಗಿನ ಮೆಷಿನಿಗೂ ಒಂದೇ ಮೂಲ, ಜೇಜರ್ ಲಕೂಲ್ತ್ರ್ ಕಂಪನಿಯದು. ಇದನ್ನು ಹೇಳಿದ ಮೇಲೆ ಇಬ್ಬರೂ ನನ್ನನ್ನು ಊಟಕ್ಕೆ ಬಂದ ಇನ್‌ಕಂ ಟ್ಯಾಕ್ಸಿನವನಂತೆ ನೋಡಿದರು. ನನ್ನ ಓಟು, ಕೇಳದಿದ್ದರೂ ಹೇಳುತ್ತೇನೆ, ರಾಯಲ್ ಓಕಿಗೆ. ತಿರುಗದ ಬೋಲ್ಟಾದರೂ ಅದರ ಗೆರೆಗೆ ಹಟವಿದೆ. ನಾಟಿಲಸ್ ಅದೇ ಗೆರೆಗೆ ಮರ್ಯಾದೆ ಕಲಿಸಿದ್ದು.

ಅಸಲು ಎಡವಟ್ಟು ಇರುವುದು ಊರು ಹಂಚಿದ್ದರಲ್ಲಿ. ಹಡಗಿನ ಕಿಟಕಿ ಬಂದರಿಗೆ ಸೇರಬೇಕು, ರಾಯಲ್ ಎಂಬುದು ಅರಮನೆಯಿರುವ ಊರಿಗೆ. ಇಲ್ಲಿ ನೋಡಿದರೆ ಹಡಗುಕಟ್ಟೆ ನಂಬಿ ಬದುಕುವ ಕೊಚ್ಚಿಯವರಿಗೆ ರಾಜಮುದ್ರೆ ಬೇಕು, ಅನಂತಶಯನನ ಪಕ್ಕದವರಿಗೆ ಜಲಾಂತರ್ಗಾಮಿ! ನಾಟಿಲಸ್ ಎಂಬುದು ಜೂಲ್ಸ್ ವರ್ನ್‌ನ ಕ್ಯಾಪ್ಟನ್ ನೆಮೋನ ಹಡಗಿನ ಹೆಸರು. ಮುಂದೆ ಬರೆದ ಇನ್ನೊಂದು ಕಾದಂಬರಿಯಲ್ಲಿ ಆ ನೆಮೋ ಬುಂದೇಲಖಂಡದ ರಾಜಕುಮಾರ, ನಮ್ಮ ಟಿಪ್ಪುವಿನ ಸಂಬಂಧಿ ಎಂದು ವರ್ನ್ ಬರೆದ.

ಇದು ಕಿವಿಗೆ ಬಿದ್ದದ್ದೇ ತಡ, ದೊಡ್ಡಭಾವ ಎದ್ದು ನಿಂತರು. “ಟಿಪ್ಪು 1790ರಲ್ಲಿ ಆಲುವಾದಿಂದಲೇ ಹಿಂದೆ ಹೋದ, ತಿರುವನಂತಪುರ ಮುಟ್ಟಲಿಲ್ಲ. ಅವನ ಕಡೆಯವರ ಹಡಗನ್ನು ನೀವೇ ಫೋನಿನಲ್ಲಿಟ್ಟು ನಿಮ್ಮೂರಿನ ಕಿಳಕ್ಕೇಕೋಟ್ಟೆ ದಾಟಿಸಿದಿರಲ್ಲ ಭಾವ!”

ಚಿಕ್ಕಭಾವ ಎಲೆಯ ರಸ ಉಗಿದು ಬಂದು, ರೋಲೆಕ್ಸಿನ ಕೇಸೂ ಅಷ್ಟೇನೂ ಕೆಟ್ಟದ್ದಲ್ಲ ಎಂದರು.