ಪಿಕಪ್ ಗಾಡಿಯ ಉಸಿರಾಟ: ಒಂದು ತಾತ್ವಿಕ ಮುಖಾಮುಖಿ

ಚಳ್ಳಕೆರೆ–ಮೊಳಕಾಲ್ಮುರು ಪರಿಸರದ ಪಿಕಪ್ ಗಾಡಿಗಳು ಗಾಳಿಯನ್ನು ಒಳಗೊಳ್ಳುವ ಬಗೆಯನ್ನು ಪ್ರಸ್ತುತ ಪ್ರಬಂಧವು ಮಾರ್ಗ–ದೇಸಿ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಿಸುತ್ತದೆ. (ಊಟದ ಹೊತ್ತು ಮೀರಿದರೂ ಮುಗಿಯದ ವಿಚಾರಸಂಕಿರಣಗಳಲ್ಲಿ ಕೂತು ಬಂದವರಿಗೆ ಈ ವಾಕ್ಯ ಪರಿಚಿತ.) 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ, ಇದೇ ಪರಿಸರದ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಏರ್ ಫಿಲ್ಟರಿನ ಪ್ರಸ್ತಾಪವಿಲ್ಲ. ಈ ಮೌನವನ್ನು ಹೇಗೆ ಓದಿಕೊಳ್ಳಬೇಕೆಂಬುದೇ ಸಂಶೋಧಕರ ಮುಂದಿರುವ ಸವಾಲು.

ಒಂದು, ಮಾರ್ಗ: ಕಂಪನಿಯೇ ಕೂರಿಸಿದ ಕಪ್ಪು ಡಬ್ಬಿ, ಒಳಗೆ ಮಡಿಕೆ ಮಡಿಕೆಯ ಕಾಗದದ ಫಿಲ್ಟರ್. ಶಿಷ್ಟ, ಮಿತಭಾಷಿ, ವಾರಂಟಿಬದ್ಧ.

ಎರಡು, ದೇಸಿ: ಅಂಗಡಿಯಲ್ಲಿ ಕೊಂಡ ಕೆಂಪು ಶಂಕು, ಹೊಳೆಯುವ ಪೈಪು, ಎಣ್ಣೆ ಸವರಿದ ಹತ್ತಿಬಟ್ಟೆ. ಶೇಂಗಾ ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಿ ಇದು ಸ್ಥಳೀಯ ಸಂಸ್ಕೃತಿಯ ಮುಂದುವರಿಕೆ. ವೇಗ ಹೆಚ್ಚದಿದ್ದರೂ ಸದ್ದು ಹೆಚ್ಚುವುದರಿಂದ ಇದನ್ನು ಪ್ರತಿರೋಧದ ದನಿ ಎನ್ನಲಾಗಿದೆ.

ಮೂರು, ಮಾರ್ಗಾಭಾಸ: ಬಾನೆಟ್ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಮೂಗು. ಹೊಳ್ಳೆಯಿಲ್ಲ, ಶುದ್ಧ ಸಂಕೇತ.

ನಾಲ್ಕನೆಯದು... ಇರಲಿ, ಸಾಕು.

ಕೆಂಪು ಶಂಕು ತಣ್ಣನೆ ಗಾಳಿ ಎಳೆದು ಎಂಜಿನ್ನಿಗೆ ಬಲ ಕೊಡುತ್ತದಂತೆ. ತಣ್ಣನೆ ಗಾಳಿ ದಟ್ಟ, ಒಪ್ಪಿದೆ. 3 ಡಿಗ್ರಿ ತಂಪಾದರೆ ದಟ್ಟಣೆ ಸುಮಾರು ಶೇ. 1ರಷ್ಟು ಏರುತ್ತದೆ. ಆದರೆ ಕಂಪನಿಯ ಪೈಪೂ ಎಳೆಯುವುದು ಹೊರಗಾಳಿಯನ್ನೇ. ಟರ್ಬೊ ಅದುಮಿ ಕಾಯಿಸಿದ್ದನ್ನು ಇಂಟರ್‌ಕೂಲರ್ ಆರಿಸುತ್ತದೆ. ಬಾನೆಟ್ಟಿನೊಳಗೆ ಮರೆಯಿಲ್ಲದೆ ಕೂತ ಶಂಕು ಕುಡಿಯುವುದು ಎಂಜಿನ್ನಿನ ಬಿಸಿಯನ್ನು. ಅಷ್ಟಕ್ಕೂ ಏಪ್ರಿಲ್‌ನಲ್ಲಿ, 40 ಡಿಗ್ರಿಯ ಆಸುಪಾಸಿನಲ್ಲಿ, ಚಳ್ಳಕೆರೆಗೆ ತಣ್ಣನೆ ಗಾಳಿಯನ್ನು ಎಲ್ಲಿಂದ ತರುತ್ತೀರಿ ಸ್ವಾಮಿ?

ನಮ್ಮಲ್ಲಿರುವುದು ದೂಳು. ಶೇಂಗಾ ಹೇರಿದ ಗಾಡಿಯ ಹಿಂದೆ ಮಣ್ಣು ರಸ್ತೆಯಲ್ಲಿ ಒಂದು ಮೈಲಿ ಬೈಕಿನಲ್ಲಿ ಹೋಗಿ ನೋಡಿ. ಆ ದೂಳು ಫಿಲ್ಟರಿನ ಸಂದಿಯಲ್ಲಿ ನುಸುಳಿದರೆ ಟರ್ಬೊ ರೆಕ್ಕೆ ಸವೆಯುತ್ತದೆ, ಪಿಸ್ಟನ್ ರಿಂಗು ಸವೆಯುತ್ತದೆ, ಕೊನೆಗೆ ಎಂಜಿನ್ನೇ ಬಿಚ್ಚಬೇಕು. ಆಗ ಸಾಲದ ಕಂತು ಕಟ್ಟುವವನಿಗೆ ದೇಸಿಯೂ ಇಲ್ಲ, ಮಾರ್ಗವೂ ಇಲ್ಲ.

ಸುಗ್ಗಿಯಲ್ಲೊಮ್ಮೆ ಮಂಡಿಯ ಅಂಗಳದಲ್ಲಿ ಡ್ರೈವರೊಬ್ಬ ಫಿಲ್ಟರ್ ಬಿಚ್ಚಿ ಟೈರಿಗೆ ತಟ್ಟಿದ. ಬೊಗಸೆ ತುಂಬ ಕೆಂಪು ಹುಡಿ ಉದುರಿತು. ಪಕ್ಕದಲ್ಲೇ ಚೀಲ ಇಳಿಸುತ್ತಿದ್ದ ಮುದಿ ಹಮಾಲಿ ಮೂಗಿಗೆ ಟವೆಲ್ ಸುತ್ತಿಕೊಂಡಿದ್ದ. ಗಾಡಿಗಾದರೋ ಎಷ್ಟು ಕಿಲೋಮೀಟರಿಗೆ ಫಿಲ್ಟರ್ ಬದಲಿಸಬೇಕೆಂದು ಹೇಳುವ ಪುಸ್ತಕವಿದೆ. ಈತನ ಉಸಿರಿನ ಮಾತನ್ನು ನಾನು ಕೂತೆದ್ದ ಯಾವ ಗೋಷ್ಠಿಯಲ್ಲೂ ಕೇಳಲಿಲ್ಲ.

ಉಪಸಂಹಾರ: ಕಾಗದದ ಫಿಲ್ಟರೇ ಇರಲಿ, ಈ ದೂಳಿಗೆ ಪುಸ್ತಕ ಹೇಳಿದ್ದಕ್ಕಿಂತ ಬೇಗ ಬದಲಿಸಿ. ಟವೆಲ್ಲನ್ನು ಮುದುಕ ತಾನೇ ಒಗೆದುಕೊಳ್ಳುತ್ತಾನೆ.