ಪಾತರಗಿತ್ತಿ ಮೀಮಾಂಸೆ: ಕರಿಬೇವಿನ ಕಾಂಡ

ಸೂತ್ರ: ರೆಕ್ಕೆ ನೋಡಿ ಕುಲ ಹೇಳಬಾರದು.

ವ್ಯಾಖ್ಯಾನ: ನಮ್ಮ ಹಿತ್ತಲ ಕರಿಬೇವಿನ ಗಿಡಕ್ಕೆ ಬರುವ ಕಾಮನ್ ಮಾರ್ಮನ್ ಚಿಟ್ಟೆಯೇ ಈ ಶಾಸ್ತ್ರದ ವಿಷಯ. ಗಂಡಿನ ಬಗ್ಗೆ ತಕರಾರಿಲ್ಲ. ಕಪ್ಪು ರೆಕ್ಕೆ, ಹಿಂದಿನ ಜೋಡಿಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲು, ಮುಗಿಯಿತು. ಹೆಣ್ಣು ಮಾತ್ರ ತ್ರಿವಿಧ. ಒಂದನೆಯವಳು ಪತ್ಯನುರೂಪೆ, ಥೇಟ್ ಗಂಡನಂತೆ. ಎರಡನೆಯವಳು ಕಾಮನ್ ರೋಸ್ ಚಿಟ್ಟೆಯಂತೆ. ಮೂರನೆಯವಳು ಕ್ರಿಮ್ಸನ್ ರೋಸ್‌ನಂತೆ, ಮುಂದಿನ ರೆಕ್ಕೆಗೆ ಬಿಳಿ ಪಟ್ಟಿ, ಹಿಂದಿನದಕ್ಕೆ ಕುಂಕುಮದ ಬೊಟ್ಟುಗಳು. ಇವರಿಗೆ ಶಾಸ್ತ್ರಕಾರರು ಕ್ರಮವಾಗಿ ಸೈರಸ್, ಸ್ಟಿಕಿಯಸ್, ರೋಮ್ಯುಲಸ್ ಎಂದು ಹೆಸರಿಟ್ಟಿದ್ದಾರೆ. ಪರ್ಷಿಯಾದ ದೊರೆ, ರೋಮ್ ಕಟ್ಟಿದವನು! ಒಂದಾದರೂ ಹೆಣ್ಣಿನ ಹೆಸರು ಹೊಳೆಯಲಿಲ್ಲವೇ ಎಂದು ಕೇಳುವುದು ಅಪ್ರಸ್ತುತ, ಆದರೂ ಕೇಳಿದ್ದೇನೆ.

ಪೂರ್ವಪಕ್ಷ: ಸ್ವೀಡನ್ನಿನ ಲಿನೇಯಸ್ ಪಂಡಿತರು 1758ರಲ್ಲಿ ಗಂಡಿನ ರೂಪಕ್ಕೆ ಪ್ಯಾಮನ್ ಎಂದೂ ಎರಡನೆಯ ಹೆಣ್ಣಿಗೆ ಪಾಲಿಟೀಸ್ ಎಂದೂ ಬೇರೆ ಬೇರೆ ಕುಲನಾಮ ಕೊಟ್ಟು ಗಂಡಹೆಂಡಿರನ್ನು ಅಗಲಿಸಿದರು. ಸೂಜಿ ಚುಚ್ಚಿಟ್ಟ ಚಿಟ್ಟೆ ತನ್ನ ಸಂಸಾರದ ವಿಷಯ ಬಾಯಿಬಿಡುವುದಿಲ್ಲ, ಪಾಪ.

ಸಿದ್ಧಾಂತ: ಮಲಯ ದ್ವೀಪಗಳಲ್ಲಿ ಎಂಟು ವರ್ಷ ಅಲೆದು ಬಂದ ನಿಸರ್ಗಶಾಸ್ತ್ರಜ್ಞ ವ್ಯಾಲೇಸ್ 1865ರ ಪ್ರಬಂಧದಲ್ಲಿ ಈ ಹೆಣ್ಣುಗಳನ್ನೆಲ್ಲ ಒಂದೇ ಮನೆಗೆ ಸೇರಿಸಿದ. ಈ ವೇಷಕ್ಕೆ ಕಾರಣವೂ ಇದೆ. ರೋಸ್‌ಗಳು ಮರಿಯಾಗಿದ್ದಾಗ ಈಶ್ವರಿ ಬಳ್ಳಿ ತಿಂದು ವಿಷ ಕೂಡಿಟ್ಟುಕೊಳ್ಳುತ್ತವೆ. ಒಮ್ಮೆ ಬಾಯಿಗಿಟ್ಟ ಹಕ್ಕಿ ಆ ಬಣ್ಣದ ತಂಟೆಗೆ ಮತ್ತೆ ಹೋಗುವುದಿಲ್ಲ. ವಿಷವಿಲ್ಲದ ನಮ್ಮ ಎರಡನೆಯ, ಮೂರನೆಯ ಹೆಣ್ಣುಗಳು ಆ ಬಣ್ಣವನ್ನಷ್ಟೇ ಉಟ್ಟು ಓಡಾಡುತ್ತವೆ. ಕ್ರಿಮ್ಸನ್ ರೋಸ್ ಇರುವಲ್ಲೇ ಮೂರನೆಯವಳ ಬಾಳು. ಅಸಲಿಯನ್ನೇ ಕಾಣದ ಹಕ್ಕಿ ನಕಲಿಗೆ ಯಾಕೆ ಹೆದರೀತು? ಹತ್ತಿರ ಹೋದರೆ ಗುಟ್ಟು ರಟ್ಟು. ರೋಸ್‌ನ ಮೈ ಕೆಂಪು, ಇವಳದು ಕಪ್ಪು. ಸೀರೆ ಎರವಲು, ರವಿಕೆ ಸ್ವಂತದ್ದು.

ಟಿಪ್ಪಣಿ: ಈ ಸೀರೆಯ ಬೀಗದಕೈ ಡಬಲ್‌ಸೆಕ್ಸ್ ಎಂಬ ಜೀನಿನ ಸೊಂಟದಲ್ಲಿದೆ ಎಂದು 2014ರಲ್ಲಿ ತೋರಿಸಿದವರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ಒಬ್ಬರು. ಕೀಟದ ಮೈ ಗಂಡಾಗಲಿ, ಹೆಣ್ಣಾಗಲಿ ಎಂದು ಅಪ್ಪಣೆ ಕೊಡುವ ಜೀನೇ ಅದು.

ಅಮ್ಮನ ಮತ: ನಮ್ಮಮ್ಮ ರೆಕ್ಕೆಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಅವಳ ಪ್ರಕಾರ ಹುಳು ಎರಡೇ ಬಗೆ: ಒಗ್ಗರಣೆಗೆ ಕಲ್ಲು ಹಾಕುವುದು, ಹಾಕದ್ದು. ಎಲೆ ಬಿಡಿಸುವಾಗ ಸಿಕ್ಕ ಹಕ್ಕಿಹಿಕ್ಕೆಯಂಥದ್ದು ನಾಲ್ಕು ದಿನ ಬಿಟ್ಟರೆ ದಪ್ಪ ಹಸಿರು ಹುಳುವಾಗುತ್ತದೆ ಎಂದು ಅವಳಿಗೆ ಗೊತ್ತು. ಕಡ್ಡಿಯಿಂದ ಮುಟ್ಟಿದರೆ ಕತ್ತಿನ ಹಿಂದಿನಿಂದ ಕವಲೊಡೆದ ಕೆಂಪು ಕೋಡು ಚಾಚಿ ನಾತ ಬಿಡುತ್ತದೆ ಎಂದೂ ಗೊತ್ತು.

ಮೊನ್ನೆ ಬೆಳಗ್ಗೆ ಬಿಳಿ ಪಟ್ಟಿ, ಕುಂಕುಮದ ಬೊಟ್ಟಿನವಳೊಬ್ಬಳು ಹಿತ್ತಲಿಗೆ ಬಂದಳು. “ಅಮ್ಮಾ, ಕ್ರಿಮ್ಸನ್ ರೋಸ್!” ಎಂದು ಕೂಗಿದೆ. ಅವಳು ಕರಿಬೇವಿನ ಚಿಗುರಿಗೆ ಹೊಟ್ಟೆ ಬಾಗಿಸಿ, ಗಸಗಸೆ ಕಾಳಿನಷ್ಟು ತಿಳಿಹಳದಿ ಮೊಟ್ಟೆಯೊಂದನ್ನು ಅಂಟಿಸಿ ಹಾರಿದಳು.

“ರೋಸಂತೆ!” ಎಂದಳು ಅಮ್ಮ, ಆ ಚಿಗುರನ್ನು ಚಿವುಟುತ್ತಾ. “ನಮ್ಮ ಗಿಡದವಳೇ ಕಣೋ.”