ಹಿತ್ತಲ ಕುಲುಮೆ

ಮನೆಯ ಹಿತ್ತಲಲ್ಲಿ ಕುಲುಮೆ ಹೂಡುವ ಹುಚ್ಚಿಗೆ ಬಸವಕಲ್ಯಾಣದಷ್ಟು ಅನುಕೂಲದ ಊರು ಅಪರೂಪ. ಲಾರಿ ಬಾಡಿ ಕಟ್ಟುವವರು, ಹಳೇ ಲಾರಿ ಬಿಚ್ಚುವವರು, ಬಿಚ್ಚಿದ್ದನ್ನು ಕಿಲೋ ಲೆಕ್ಕದಲ್ಲಿ ತೂಗಿ ಮಾರುವವರು ಎಲ್ಲರೂ ಇಲ್ಲೇ ಸಿಗುತ್ತಾರೆ. ಹನ್ನೆರಡನೇ ಶತಮಾನದ ಶರಣರು ಇದೇ ಊರಲ್ಲಿ ಕಾಯಕದ ಮಾತಾಡಿದರು. ಹವ್ಯಾಸಿ ಆಡುವುದು ಬರೀ ಖರ್ಚಿನ ಮಾತು. ಅವನು ಹುಮನಾಬಾದಿನವನಾದರೆ ಬಸ್ ಚಾರ್ಜೂ ಸೇರುತ್ತದೆ.

ಕುಲುಮೆಗೆ ಹಳೇ ಟೆಂಪೋದ ಬ್ರೇಕ್ ಡ್ರಮ್ ಸಾಕು. ಬೀಡಿನ ದಪ್ಪ ಬಟ್ಟಲು ಅದು. ತಳದ ತೂತಿಗೆ ಪೈಪ್ ಕೂಡಿಸಿ, ಪೈಪಿಗೆ ಬ್ಲೋವರ್ ಹಚ್ಚಿ, ಇದ್ದಿಲು ತುಂಬಿದರೆ ತಿದಿ ಒತ್ತುವ ಆಳೂ ಬೇಡ. ಸಾಗಿಸುವುದು ಮಾತ್ರ ಪ್ರತ್ಯೇಕ ಶಾಸ್ತ್ರ.

ಗಾಡಿ ಮಾಡಿದರೆ ಡ್ರಮ್ಮಿಗಿಂತ ಬಾಡಿಗೆ ಹೆಚ್ಚು. ಆದ್ದರಿಂದ ಹವ್ಯಾಸಿ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ಬಸ್ ಹತ್ತುತ್ತಾನೆ. ಡ್ರಮ್ ಸೀಟಿನ ಕೆಳಗೆ ಹೋಗುವುದಿಲ್ಲ, ಮೇಲಿನ ಕ್ಯಾರಿಯರ್ ತಡೆಯುವುದಿಲ್ಲ, ತೊಡೆ ಒಪ್ಪುವುದಿಲ್ಲ. ನಡುದಾರಿಯಲ್ಲಿಟ್ಟರೆ, ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ಹಳೇ ನೌಕರಿ ನೆನಪಾದಂತೆ ಡ್ರೈವರ್ ಕಡೆ ಹೊರಡುತ್ತದೆ. ತಡೆಯಲು ಹವ್ಯಾಸಿ ಅದರ ಮೇಲೆ ಕೂರುತ್ತಾನೆ. ಮುಂದಿನ ಬ್ರೇಕಿಗೆ ಇಬ್ಬರೂ ಹೊರಡುತ್ತಾರೆ.

“ಏನ್ರೀ ಅದು?” ಕಂಡಕ್ಟರ್ ಕೇಳುತ್ತಾನೆ.

“ಬ್ರೇಕ್ ಡ್ರಮ್ ರೀ.”

“ನಮ್ಮ ಬಸ್ಸಿಂದಲ್ಲ, ಹೌದಿಲ್ಲೋ?”

ಡ್ರೈವರ್ ಒಮ್ಮೆ ಹಿಂತಿರುಗಿ ನೋಡುತ್ತಾನೆ. “ಎದಕ್ಕ ಒಯ್ಲತ್ತೀರಿ?” “ಮನ್ಯಾಗ ಇಡ್ಲಾಕ್ರಿ.” ಈ ಉತ್ತರಕ್ಕೆ ಇಡೀ ಬಸ್ಸೇ ತಿರುಗುತ್ತದೆ. ಕಿಟಕಿ ಪಕ್ಕದ ಅಜ್ಜಿಯೊಬ್ಬಳು ಬಗ್ಗಿ, ಗೋಣಿ ಸರಿಸಿ, ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ ತೀರ್ಪು ಕೊಡುತ್ತಾಳೆ: “ಒಲಿಗಿ ಛಲೋ ಅದ. ಖರೆ, ಭಾಳ ಕಟಗಿ ತಿಂತದ.” ಬ್ರೇಕ್ ಡ್ರಮ್ ಕುಲುಮೆಯ ದೋಷ ಅದೇ. ಆಳ ಜಾಸ್ತಿ, ಇದ್ದಿಲು ವಿಪರೀತ ಹಿಡಿಯುತ್ತದೆ. ಒಳಗೆ ಮಣ್ಣು ಮೆತ್ತಿ ತಗ್ಗು ಕಡಿಮೆ ಮಾಡಬೇಕು.

ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಎಲ್ಲರೂ ಸೂಚಿಸುವುದು ರೈಲು ಹಳಿಯ ತುಂಡು. ಬೀದರ್–ಕಲಬುರಗಿ ಮಾರ್ಗ 2017ರಲ್ಲಿ ತೆರೆದ ಮೇಲೆ ಹುಮನಾಬಾದಿಗೂ ಹಳಿ ಬಂದಿದೆ. ಆದರೆ ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಂಡವರನ್ನು ವಿಚಾರಿಸಿಕೊಳ್ಳಲು 1966ರಲ್ಲೇ ಕಾಯ್ದೆ ಬಂದಿದೆ. ಲಾರಿ ಆಕ್ಸೆಲ್ಲಿನ ತುಂಡೊಂದನ್ನು ಮರದ ಕೊರಡಿನಲ್ಲಿ ನಿಲ್ಲಿಸಿಕೊಳ್ಳುವುದು ಕ್ಷೇಮ.

ಉಳಿಗೆ ಲಾರಿಯ ಕಮಾನ್ ಪಟ್ಟಿ. ಅದರಲ್ಲಿ ಇಂಗಾಲ ಸುಮಾರು ಶೇ. 0.5–0.6ರಷ್ಟಿರುವುದರಿಂದ ಹದ ಹಿಡಿಯುತ್ತದೆ. ಕೆಂಪಗೆ ಕಾಯಿಸಿ ಆಯಸ್ಕಾಂತ ತಾಗಿಸಬೇಕು; 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂಟುವುದಿಲ್ಲ. ಇನ್ನೂ ತುಸು ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಎಣ್ಣೆ ಅಡುಗೆಮನೆಯದಾದರೆ ಕೇಳಿ ತರುವುದೂ ವಿಧಾನದ ಭಾಗ. ವೈಸ್ ಹೊಸದೇ ಇರಲಿ, ಹಳೇದರ ಸ್ಕ್ರೂ ಸವೆದಿರುತ್ತದೆ.

ಕೈಸಾಮಾನಿನಲ್ಲೇ ಎಷ್ಟು ಸಾಧ್ಯ ಎಂಬುದಕ್ಕೆ ಉದಾಹರಣೆ ಹತ್ತಿರದಲ್ಲೇ ಇದೆ. ಬೀದರ್ ಜಿಲ್ಲೆಯ ಹೆಸರು ಹೊತ್ತ ಬಿದರಿ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದ ಮೇಲೆ ಬಹುಪಾಲು ಕೆಲಸ ಉಳಿ, ಅರ, ಸುತ್ತಿಗೆಗಳಲ್ಲೇ ಮುಗಿಯುತ್ತದೆ. ಇದನ್ನು ಮನೆಯವರು ಹೇಳುವಾಗ ಹವ್ಯಾಸಿ ಗ್ರೈಂಡರ್ ನೋಡುತ್ತಿರುತ್ತಾನೆ.

ವೆಲ್ಡಿಂಗಿಗೆ ಚಿಕ್ಕ ಇನ್ವರ್ಟರ್ ಮಷಿನ್, 12 ಗೇಜಿನ, ಎಂದರೆ 2.5 ಮಿ.ಮೀ. ರಾಡು. ಸತು ಲೇಪಿಸಿದ ಜಿಐ ಪೈಪ್ ಬೆಸೆದರೆ ಸತುವಿನ ಹೊಗೆಗೆ ಚಳಿಜ್ವರ ಬರುತ್ತದೆ. ದುಡ್ಡು ಉಳಿಸಬಾರದ ಒಂದೇ ಸಾಮಾನು 10 ಅಥವಾ 11 ನಂಬರಿನ ಕಪ್ಪು ಗಾಜು. ಆರ್ಕಿನ ಬೆಳಕು ಕಣ್ಣಿಗೆ ಹೊಡೆದಾಗ ಆ ಕ್ಷಣಕ್ಕೆ ಏನೂ ಅನ್ನಿಸದು. ಕೆಲವು ತಾಸು ಕಳೆದು, ನಡುರಾತ್ರಿ, ಉಸುಕು ಬಿದ್ದಂತೆ ಉರಿ ಶುರುವಾಗುತ್ತದೆ. ಹವ್ಯಾಸಿಗೆ ಅದು ಒಂದು ರಾತ್ರಿಯ ಪಾಡು. ಲಾರಿ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಬರಿಗೈ ಅಡ್ಡ ಹಿಡಿದು, ಮುಖ ಆಚೆ ತಿರುಗಿಸಿ ಟಾಕಾ ಹೊಡೆಯುವ ಹುಡುಗರಿಗೆ ಅದು ದಿನಗೂಲಿ. ಗಾಜಿನ ದುಡ್ಡು ಉಳಿಸುವ ಮಾಲಕರ ಲೆಕ್ಕವನ್ನು ಮಿತವ್ಯಯ ಎನ್ನಲಾಗದು.

ಇಷ್ಟು ಕೂಡಿಸಿದ ಮೇಲೆ ತಯಾರಿಕೆ. ಮೊದಲು ವೈಸ್ ಕೂರಿಸಲು ಟೇಬಲ್ಲು, ಆಮೇಲೆ ಗ್ರೈಂಡರಿಗೆ ಸ್ಟ್ಯಾಂಡು, ಕುಲುಮೆಗೆ ಮೂರು ಕಾಲು, ಇಕ್ಕಳ ತೂಗುಹಾಕಲು ಕೊಕ್ಕೆ. ಅಷ್ಟರಲ್ಲಿ ಓಣಿಯವರು ಮುರಿದ ಕುರ್ಚಿ, ಗೇಟಿನ ಬಿಜಾಗರಿ ತಂದು “ಒಂದ್ ಟಾಕಾ ಹೊಡೀರಿ, ಸಾಕು” ಎನ್ನುತ್ತಾರೆ. ರಾಡಿನ ಮಾತು, ಕರೆಂಟಿನ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಮನೆಗೆಂದು ತಯಾರಾಗುವುದು ಸಾಮಾನ್ಯವಾಗಿ ಚಪ್ಪಲಿ ಸ್ಟ್ಯಾಂಡು. ಅದರ ಒಂದು ಕಾಲಿನಡಿ ರಟ್ಟು ಮಡಚಿ ಇಡಬೇಕು.